ಹಳದಿ ಕ್ಯಾಮೆರಾ, ಕರಿ ಕ್ಯಾಮೆರಾ

ಮಾತು ಬಿಟ್ಟವರಿಬ್ಬರು ಒಂದೇ ಅಂಗಡಿಗೆ ಬಂದರೆ ಕಷ್ಟ ಅಂಗಡಿಯವನಿಗೆ. ಶಿಕಾರಿಪುರದಲ್ಲಿ ವಾಚು, ರೇಡಿಯೋ ರಿಪೇರಿ ಮಾಡುವ ಕಲೀಮನಿಗೆ ಆ ಬೆಳಿಗ್ಗೆ ಬಂದದ್ದು ಅಂಥ ಕಷ್ಟ. ಗಾಜಿನ ಕಪಾಟಿನ ಈ ತುದಿಗೆ, ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬದಿಂದ ಬಂದ ರಾಜೇಶ್ವರಮ್ಮ. ಆ ತುದಿಗೆ ಅವಳ ಮೈದುನ ಈಶ್ವರ. ನಡುವೆ, ಕಲೀಮನ ಅಣ್ಣ ದುಬೈಯಿಂದ ಕಳಿಸಿದ ಎರಡು ಕ್ಯಾಮೆರಾಗಳು.

ಒಂದು ಹಳದಿ. ದಪ್ಪಗೆ, ಮಕ್ಕಳ ಆಟಿಕೆಯ ಥರ. ಆದರೆ ಆಳು ಮುಳುಗುವಷ್ಟು ನೀರಿನಲ್ಲಿ ಮುಳುಗಿಸಿ ಫೋಟೋ ತೆಗೆಯಬಹುದಂತೆ. ಇನ್ನೊಂದು ಕರಿ. ಮಳೆ ಬಿದ್ದರೆ, ಕೆಸರು ಹಾರಿದರೆ, ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಏನೂ ಆಗುವುದಿಲ್ಲ, ಆದರೆ ಮುಳುಗಿಸುವ ಹಾಗಿಲ್ಲ. ಅದಕ್ಕಿದ್ದ ಹೆಚ್ಚುಗಾರಿಕೆ ಎಂದರೆ ಫೋಟೋದ ಮೂಲೆಯಲ್ಲಿ ತೆಗೆದ ದಿನದ ತಾರೀಖು ತಾನೇ ಬೀಳುತ್ತಿತ್ತು. ತೊಂಬತ್ತಾರನೇ ಇಸವಿಯಲ್ಲಿ ಸೊರಬಕ್ಕೂ ಶಿಕಾರಿಪುರಕ್ಕೂ ಎರಡೂ ಹೊಸವೇ.

"ಕಲೀಮ್, ಅಲ್ಲಿ ನಿಂತೋರಿಗೆ ಹೇಳಪಾ," ಎಂದ ಈಶ್ವರ, ಬೀದಿಯ ಕಡೆ ನೋಡುತ್ತ. "ಕೆರೆ ತೂಬಿನ ಬಿರುಕು ಇರೋದು ನೀರಿನ ಕೆಳಗೆ. ನೀರಿಗಿಳಿಯೋ ಕ್ಯಾಮೆರಾನೇ ಬೇಕು. ಏರಿ ಮೇಲೆ ಛತ್ರಿ ಹಿಡ್ಕೊಂಡು ನಿಂತು ತೆಗಿಯಾಕೆ ಅದೇನು ಬೀಗರೂಟ ಅಲ್ಲ."

ಕಲೀಮ ರಾಜೇಶ್ವರಮ್ಮನ ಕಡೆ ತಿರುಗಿದ. "ಅಕ್ಕಾ, ಅಣ್ಣಾವ್ರು..."

"ಕೇಳಿಸ್ತು. ನಿಮ್ಮ ಅಣ್ಣಾವ್ರಿಗೆ ಹೇಳು. ಮಹೇಶ್ವರಪ್ಪನೋರು ಫೋಟೋ ಕೊಡೋದು ಇಂಜಿನಿಯರಿಗೆ. ತಾರೀಖಿಲ್ಲದ ಫೋಟೋನ ಅವನು ಯಾವೂರ ಕೆರೆ, ಯಾವ ಕಾಲದ್ದು ಅಂತ ಮುಖಕ್ಕೆ ಎಸೀತಾನೆ. ನೀರಲ್ಲಿ ಮುಳುಗೋಕೆ ಕ್ಯಾಮೆರಾ ಯಾಕೆ? ಕಲ್ಲು ಕಟ್ಕೊಂಡ್ರೆ ಸಾಕು."

ಕಲೀಮ ಕೆಮ್ಮಿದ. ಈ ಮಾತನ್ನು ದಾಟಿಸುವ ಧೈರ್ಯ ಅವನಿಗೆ ಬರಲಿಲ್ಲ. ದಾಟಿಸುವ ಅಗತ್ಯವೂ ಇರಲಿಲ್ಲ. ಈಶ್ವರನ ಕಿವಿ ಕೆಂಪಾಗಿತ್ತು.

ಇಬ್ಬರ ನಡುವೆ ಹೀಗಾದದ್ದು ಎಂಟು ತಿಂಗಳ ಹಿಂದೆ. ರಾಜೇಶ್ವರಮ್ಮನ ಗಂಡ ಗುರುಮಲ್ಲಪ್ಪ ಸೊರಬದ ಬಸ್ ಸ್ಟ್ಯಾಂಡ್ ಎದುರು ಇಪ್ಪತ್ತು ವರ್ಷ ಸ್ಟುಡಿಯೋ ನಡೆಸಿದವನು. ಅವನು ತೀರಿಕೊಂಡು ವರ್ಷವಾದ ದಿನ, ಪೂಜೆ ಮುಗಿದು ನಂಟರೆಲ್ಲ ಎಲೆ ಮುಂದೆ ಕೂತಿದ್ದಾಗ ಈಶ್ವರ, "ಇನ್ನು ಆ ಸಾಮಾನೆಲ್ಲ ಶಿಕಾರಿಪುರಕ್ಕೆ ಒಯ್ತೀನಿ. ಹೆಂಗಸರ ಕೈಲಿ ಸ್ಟುಡಿಯೋ ನಡೆಯೋ ಮಾತಲ್ಲ," ಅಂದುಬಿಟ್ಟ. ಅಣ್ಣನ ಹತ್ತಿರ ಕೆಲಸ ಕಲಿತು ಮದುವೆ ಮನೆಗಳಿಗೆ ಫೋಟೋ ತೆಗೆಯಲು ಹೋಗುತ್ತಿದ್ದವನು ಅವನು. ರಾಜೇಶ್ವರಮ್ಮ ಕೈಯಲ್ಲಿದ್ದ ಸಾರಿನ ಸೌಟನ್ನು ಪಾತ್ರೆಗೆ ಬಿಟ್ಟು, "ಫಿಲಂ ತೊಳೆಯೋದು ನಿಮ್ಮಣ್ಣಂಗೆ ಕಲಿಸಿದ್ದು ಯಾರು ಅಂತ ಅವರನ್ನೇ ಕೇಳ್ಬೇಕಿತ್ತು, ಇರೋ ತನಕ," ಎಂದಿದ್ದಳು. ಅದು ಸುಳ್ಳು. ಅವನೇ ಅವಳಿಗೆ ಕಲಿಸಿದ್ದು. ಆದರೆ ಮೂವತ್ತು ಜನರ ಮುಂದೆ ಆಡಿದ ಮಾತನ್ನು ಹಿಂದಕ್ಕೆ ನುಂಗುವುದು ಹೇಗೆ? ಆವತ್ತಿಂದ ಇಬ್ಬರಿಗೂ ಮಾತಿಲ್ಲ. ಹೇಳಬೇಕಾದ್ದನ್ನು ಗೋಡೆಗೋ ಮೂರನೆಯವರಿಗೋ ಹೇಳುವುದು.

ಈಗ ಕೆರೆ ರಿಪೇರಿಯ ಕಂಟ್ರಾಕ್ಟರ್ ಮಹೇಶ್ವರಪ್ಪ ಹನ್ನೊಂದು ಕೆರೆಗಳ ಫೋಟೋ ಕೆಲಸ ಇಟ್ಟುಕೊಂಡು ರಾಜೇಶ್ವರಮ್ಮನ ಹತ್ತಿರ ಬಂದಿದ್ದ. ಈಗ ಕೆರೆ ತುಂಬಿರುವಾಗ ಒಂದು ಸಲ, ಬೇಸಿಗೆಯಲ್ಲಿ ತೂಬು ಸರಿಮಾಡಿದ ಮೇಲೆ ಒಂದು ಸಲ. ಮೊದಲು ಆನವಟ್ಟಿ ಆಚೆಯ ಹಿರೇಕೆರೆ. ಅದರ ಫೋಟೋ ಒಪ್ಪಿಗೆಯಾದರೆ ಉಳಿದ ಹತ್ತೂ ತೆಗೆದವರಿಗೇ. ಈ ಸುದ್ದಿ ಈಶ್ವರನ ಕಿವಿಗೂ ಬಿತ್ತು. ಮಹೇಶ್ವರಪ್ಪನ ಎದುರಿಗೇ ಒಪ್ಪಂದವಾಯಿತು. ಇಬ್ಬರೂ ತೆಗೆಯಲಿ. ಮಹೇಶ್ವರಪ್ಪ ಯಾರ ಫೋಟೋ ಒಪ್ಪುತ್ತಾರೋ ಸ್ಟುಡಿಯೋ ಬೀಗದಕೈ ಅವರದು. ಈಶ್ವರ ಗೆದ್ದರೆ ಸಾಮಾನೆಲ್ಲ ಮಾರನೇ ದಿನವೇ ಶಿಕಾರಿಪುರಕ್ಕೆ.

"ಇಬ್ರೂ ಒಂದೊಂದು ಒಯ್ರಿ," ಎಂದ ಕಲೀಮ ಕೊನೆಗೆ, ನ್ಯಾಯ ಬಿಡಿಸುವ ಯಜಮಾನನ ಹಾಗೆ. "ಹದಿನೈದು ದಿನ ನೋಡ್ರಿ. ಬೇಡಾದ್ದು ವಾಪಸ್ ಕೊಡ್ರಿ."

ಈಶ್ವರ ಹಳದಿಯನ್ನು ಕಂಕುಳಲ್ಲಿ ಇರುಕಿಕೊಂಡು, ಹೇಳಿಕೊಡುವುದನ್ನೂ ಕೇಳದೆ ಹೊರಟೇಹೋದ. ಕಲೀಮ ಬಾಗಿಲ ತನಕ ಓಡಿ ಕೂಗಿದ. ಕೇಳಿಸಲಿಲ್ಲ. ತಿರುಗಿ ಬಂದು ರಾಜೇಶ್ವರಮ್ಮನಿಗೆ ಕರಿ ಕ್ಯಾಮೆರಾದ ಹಿಂದಿನ ಮುಚ್ಚಳ ತೆಗೆದು ತೋರಿಸಿದ.

"ಈ ರಬ್ಬರ್ ನೋಡ್ರಿ ಅಕ್ಕಾ, ಸುತ್ತ ದಾರದ ಥರ ಐತಲ್ಲ. ನೀರು ತಡಿಯೋದು ಇದೇ. ಒಂದು ಕೂದಲು, ಒಂದು ಮರಳಿನ ಕಣ ಕೂತ್ರೂ ಮುಗೀತು. ನಿಮ್ದಾದ್ರೆ ಮಳೆ ಮಾತ್ರ, ಹೆಂಗೋ ನಡೀತೈತಿ. ಹಳದೀದು ಪೂರಾ ಮುಳುಗೋದು. ಈಶ್ವರಣ್ಣಂಗೆ ಹೇಳ್ಬಿಡ್ರಿ, ಆಯ್ತಾ?"

"ಹ್ಞೂಂ," ಎಂದಳು ರಾಜೇಶ್ವರಮ್ಮ.

ಬಸ್ಸಿನಲ್ಲಿ ಕೂತಾಗ ಅವಳು ನಿಜಕ್ಕೂ ಹೇಳಬೇಕೆಂದೇ ಇದ್ದಳು. ಯಾರ ಬಾಯಲ್ಲಿ ಹೇಳಿಸುವುದು ಎಂದು ಶಿರಾಳಕೊಪ್ಪದವರೆಗೂ ಯೋಚಿಸಿದಳು. ಅಲ್ಲಿಂದಾಚೆ ಮಗಳು ಬಿಂದುಶ್ರೀಯ ಪರೀಕ್ಷೆ ಫೀಜು, ಹಾಲಿನವಳು, ಫಿಲಂ ತೊಳೆಯಲು ಬೇಕಾದ, ಮುಗಿದುಹೋದ ಹೈಪೋ ನೆನಪಾದವು.

ಆಯುಧಪೂಜೆಗೆ ಈಶ್ವರ ಬಂದ. ಬರಲೇಬೇಕು. ಮನೆಯ ಗಂಡಸು ವಿಭೂತಿ ಹಚ್ಚದೆ ಸ್ಟುಡಿಯೋದ ಪೂಜೆ ಆಗುವಂತಿಲ್ಲ ಎಂಬುದು ಅವರ ಮನೆಯ ಪದ್ಧತಿ. ಅತ್ತಿಗೆಯ ಕಡೆ ನೋಡದೆ ಕಾಲು ತೊಳೆದು, ವಿಭೂತಿಗಟ್ಟಿಯನ್ನು ಅಂಗೈಯಲ್ಲಿ ನೀರು ಹಾಕಿ ತೇದು, ಮೂರು ಬೆರಳಲ್ಲಿ ಎಲ್ಲಕ್ಕೂ ಗೆರೆ ಎಳೆಯುತ್ತ ಬಂದ. ಫೋಟೋ ದೊಡ್ಡದು ಮಾಡುವ ಎನ್‌ಲಾರ್ಜರಿಗೆ, ಪ್ರಿಂಟು ತೊಳೆಯುವ ತಟ್ಟೆಗಳಿಗೆ, ಅಣ್ಣನ ಹಳೇ ಕ್ಯಾಮೆರಾಕ್ಕೆ, ಫೋಟೋ ಅಂಚು ಕತ್ತರಿಸುವ ಕತ್ತರಿಗೆ.

ಹಳದಿಯ ಸರದಿ ಬಂದಾಗ ಅವನು ಮೈಮೇಲೆ ಮಾತ್ರ ಹಚ್ಚಿ ಸುಮ್ಮನಾಗಲಿಲ್ಲ. ಫಿಲಂ ಇನ್ನೂ ಹಾಕಿರಲಿಲ್ಲ. ಮುಚ್ಚಳ ತೆಗೆದ. "ಒಳಗೂ ಶಿವ ಇರ್ಲಿ. ನೀರಿಗಿಳಿಯೋ ಸಾಮಾನು," ಎಂದು ಕಿಟಕಿಗೆ ಹೇಳಿ, ಮುಚ್ಚಳದ ಒಳಮೈಗೆ ಈ ಅಂಚಿನಿಂದ ಆ ಅಂಚಿನವರೆಗೆ ಮೂರು ಗೆರೆ ಎಳೆದ. ಬಿಳಿ ನೀರು ಎರಡೂ ಕಡೆ ರಬ್ಬರಿನ ಮೇಲೆ ಇಳಿದು ಅಲ್ಲೇ ಒಣಗತೊಡಗಿತು.

ರಾಜೇಶ್ವರಮ್ಮ ಆರತಿ ತಟ್ಟೆ ಹಿಡಿದು ಮೂರಡಿ ದೂರದಲ್ಲಿ ನಿಂತಿದ್ದಳು. ಕಲೀಮನ ಮಾತು ನಾಲಿಗೆಯ ತುದಿಗೇ ಬಂತು. ಅದರ ಹಿಂದೆಯೇ ಇನ್ನೊಂದೂ ಬಂತು, ಎಂಟು ತಿಂಗಳ ಹಿಂದಿನದು: ಹೆಂಗಸರ ಕೈಲಿ ನಡೆಯೋ ಮಾತಲ್ಲ. ಅವಳು ಬಾಯಿ ಮುಚ್ಚಿಕೊಂಡಳು.

ಅಷ್ಟೇ ಆಗಿದ್ದರೆ ಮರೆತೆ ಎನ್ನಬಹುದಿತ್ತು. ಆದರೆ ಈಶ್ವರ ಕರಿಯದರ ಮುಚ್ಚಳಕ್ಕೂ ಕೈ ಹಾಕಿದ. ರಾಜೇಶ್ವರಮ್ಮ ತಟ್ಟೆಯನ್ನು ಎಡಗೈಗೆ ಬದಲಿಸಿ ಬಲಗೈ ಹೆಬ್ಬೆರಳನ್ನು ಮುಚ್ಚಳದ ಮೇಲೆ ಒತ್ತಿ ಹಿಡಿದಳು. "ಹೊರಗೆ ಹಚ್ಚಿದ್ರೆ ಸಾಕು," ಎಂದಳು ಗೋಡೆಗೆ. ಅವನು ಮೂಗುಮುರಿದು ಹೊರಗಷ್ಟೇ ಹಚ್ಚಿದ.

ಮೂರನೇ ದಿನ ಹಿರೇಕೆರೆ. ಏರಿಯ ಮೇಲೆ ಮಹೇಶ್ವರಪ್ಪ ಬೈಕು ನಿಲ್ಲಿಸಿಕೊಂಡು ಅಡಿಕೆ ಅಗಿಯುತ್ತಿದ್ದ. ಹತ್ತು ದಿನದಿಂದ ದೊಡ್ಡ ಮಳೆಯಿಲ್ಲದೆ ನೀರು ತಿಳಿಯಾಗಿತ್ತು. ತೂಬಿನ ಕಲ್ಲುಕಂಬ ದಡದಿಂದ ಇಪ್ಪತ್ತು ಹೆಜ್ಜೆ ಒಳಗೆ ತಲೆಯೆತ್ತಿ ನಿಂತಿತ್ತು.

"ಯಾರು ಮೊದಲು?" ಎಂದ ಮಹೇಶ್ವರಪ್ಪ.

"ಹೆಂಗಸರು ಮೊದಲು ತೆಗೀಲಿ. ನಾವು ನೀರಿಗಿಳಿದ ಮೇಲೆ ಅವರದನ್ನ ಯಾರು ನೋಡ್ತಾರೆ?" ಎಂದು ಈಶ್ವರ ಅಂಗಿ ಬಿಚ್ಚತೊಡಗಿದ.

ರಾಜೇಶ್ವರಮ್ಮ ಸೆರಗು ಸಿಕ್ಕಿಸಿ ಕೆಸರಿಗೆ ಇಳಿದಳು. ಮೊಣಕಾಲ ನೀರಿನಲ್ಲಿ ನಿಂತು ಕಂಬವನ್ನು ಮೂರು ದಿಕ್ಕಿನಿಂದ ತೆಗೆದಳು. ಹನಿ ಮಳೆ ಶುರುವಾಯಿತು. ಕರಿ ಕ್ಯಾಮೆರಾ ಲೆಕ್ಕಿಸಲಿಲ್ಲ.

ಆಮೇಲೆ ಈಶ್ವರ ಹೋದ. ಎದೆಮಟ್ಟ ನೀರಿನಲ್ಲಿ ಕಂಬವನ್ನು ತಬ್ಬಿಕೊಂಡು ಹಳದಿಯನ್ನು ಮುಳುಗಿಸಿದ. ನೀರಿನೊಳಗೆ ಮಿಂಚು ಹೊಡೆಯಿತು. ಒಂದು, ಎರಡು, ಐದು.

"ಭಲೆ!" ಎಂದ ಮಹೇಶ್ವರಪ್ಪ. "ಇದಪ್ಪಾ ಕ್ಯಾಮೆರಾ ಅಂದ್ರೆ! ಏನ್ ರಾಜಮ್ಮಾ, ಬೀಗದಕೈ ತಂದಿದೀಯಾ?"

ಅವಳು ನೀರಿನ ಮೇಲ್ಮೈಯನ್ನೇ ನೋಡುತ್ತಿದ್ದಳು. ಆರನೇ ಸಲಕ್ಕೆ ಮಿಂಚು ಬರಲಿಲ್ಲ. ಕ್ಯಾಮೆರಾ ಹಿಡಿದ ಕೈಯ ಪಕ್ಕದಿಂದ ಗುಳ್ಳೆಗಳು ಸಾಲಾಗಿ ಮೇಲೆ ಬಂದವು, ಅನ್ನ ಕುದಿಯುವಾಗ ಬರುವ ಹಾಗೆ. ಈಶ್ವರ ಕ್ಯಾಮೆರಾ ಮೇಲೆತ್ತಿದ. ಗಾಜಿನ ಹಿಂದೆ ಕೆರೆಯ ನೀರು ಅಲ್ಲಾಡುತ್ತಿತ್ತು.

ಅವನು ಬೈಯುತ್ತಲೇ ದಡಕ್ಕೆ ಬಂದ. ದುಬೈಗೆ ಬೈದ, ಕಲೀಮನಿಗೆ ಬೈದ, ಅವನ ಅಂಗಡಿಗೆ ಬೆಂಕಿ ಬೀಳಲಿ ಅಂದ. ಹಳದಿಯನ್ನು ಹುಲ್ಲಿನ ಮೇಲೆ ಎಸೆದು ಬೆನ್ನು ತಿರುಗಿಸಿ ಕೂತ.

ಆಗ ರಾಜೇಶ್ವರಮ್ಮ ಮಾಡಿದ್ದು ಅವಳಿಗೇ ಆಮೇಲೆ ಅರ್ಥವಾಗಲಿಲ್ಲ. ಬುತ್ತಿ ಡಬ್ಬಿಯಲ್ಲಿದ್ದ ಚಿತ್ರಾನ್ನವನ್ನು ಏರಿಯ ಮೇಲಿನ ಕಾಗೆಗಳಿಗೆ ಸುರಿದಳು. ಡಬ್ಬಿಗೆ ಕೆರೆ ನೀರು ತುಂಬಿದಳು. ಹಳದಿ ಕ್ಯಾಮೆರಾವನ್ನು ಹಾಗೇ ಅದರಲ್ಲಿ ಮುಳುಗಿಸಿ ಮುಚ್ಚಳ ಹಾಕಿದಳು. ನೆನೆದ ಫಿಲಂ ಒಣಗಿದರೆ ಒಂದಕ್ಕೊಂದು ಅಂಟಿ ಸತ್ತಂತೆ, ನೆನೆದೇ ಇದ್ದರೆ ಅಷ್ಟೋ ಇಷ್ಟೋ ಉಳಿಯುತ್ತದೆ. ಗುರುಮಲ್ಲಪ್ಪ ಹೇಳಿಕೊಟ್ಟದ್ದು. ಮನಸ್ಸಿಗೆ ಬೇಡವಾದರೂ ಕೈಗೆ ಅಭ್ಯಾಸ.

"ಅದನ್ಯಾಕೆ ಹೊತ್ಕೊಂಡು ಹೋಗ್ತಾರಂತೆ? ಉಪ್ಪಿನಕಾಯಿ ಹಾಕ್ತಾರಂತೇನು?" ಎಂದ ಈಶ್ವರ, ಕೆರೆಗೆ.

ಮಧ್ಯಾಹ್ನ ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅವಳು ಹಳದಿಯ ಮುಚ್ಚಳ ತೆಗೆದಳು. ಕಣ್ಣಿಗೆ ಏನೂ ಕಾಣದ ಕತ್ತಲಲ್ಲಿ ಬೆರಳಿಗೆ ಸಿಕ್ಕಿತು. ರಬ್ಬರಿನ ಮೇಲೆ ಹರಳು ಹರಳಾಗಿ, ಒಣಗಿ, ಮತ್ತೆ ನೆನೆದ ವಿಭೂತಿ. ಅವಳು ಬೆರಳನ್ನು ಸೀರೆಗೆ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು.

ತೊಳೆದು ಬೆಳಕಿಗೆ ಹಿಡಿದಾಗ ಹಳದಿಯ ಫಿಲಂ ಬಹುಪಾಲು ಸುಲಿದುಹೋಗಿತ್ತು. ಹಾವಿನ ಪೊರೆಯ ಹಾಗೆ. ನಾಲ್ಕು ಫೋಟೋ ಬರಿ ಕಲೆ. ಎರಡನೆಯದು ಮಾತ್ರ ಉಳಿದಿತ್ತು. ಅದರಲ್ಲಿ ಬಿರುಕಿತ್ತು. ಮಸುಕಲ್ಲ, ಅನುಮಾನವಿಲ್ಲ. ಕಂಬದ ಕಲ್ಲು ಗೇಣುದ್ದ ಸೀಳಿ, ಒಳಗಿನ ಗಾರೆ ಉದುರಿದ್ದು ಎಣಿಸುವಷ್ಟು ಸ್ಪಷ್ಟವಾಗಿತ್ತು. ಪಕ್ಕದಲ್ಲಿ ಅವಳ ಕರಿಯ ಫಿಲಂ ನೇತಾಡುತ್ತಿತ್ತು. ಕಂಬ ಚೆನ್ನಾಗಿ ಬಂದಿತ್ತು, ತಾರೀಖು ಚೆನ್ನಾಗಿ ಬಂದಿತ್ತು. ಬಿರುಕು ಇರಲಿಲ್ಲ.

ಆ ತಿಳಿನೀರಲ್ಲೂ ಏನೂ ಕಾಣುತ್ತಿರಲಿಲ್ಲ, ಕ್ಯಾಮೆರಾ ಉಳಿದಿದ್ದರೂ ಅವನು ಸೋಲುತ್ತಿದ್ದ ಎಂದು ಬಸ್ಸಿನುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದಳಲ್ಲ. ಆ ಒಂದು ಸಮಾಧಾನವೂ ಹೋಯಿತು.

ಕತ್ತರಿ ಕೈಗೆಟುಕುವಲ್ಲೇ ಇತ್ತು. ಆ ಒಂದು ತುಂಡನ್ನು ಕತ್ತರಿಸಿ ಒಲೆಗೆ ಹಾಕಿದರೆ ಕೇಳುವವರು ಯಾರು? ಎಲ್ಲ ಸುಲಿದುಹೋಯಿತು ಅಂದರೆ ಮುಗಿಯಿತು. ಬೀಗದಕೈ ಅವಳದು, ಸಾಮಾನು ಅವಳದು, ಇನ್ನು ಜನ್ಮದಲ್ಲಿ ಯಾರೂ ಕೇಳುವಂತಿಲ್ಲ. ಕತ್ತರಿ ತೆಗೆದುಕೊಂಡಳು. ಹಿಡಿಯ ಮೇಲೆ ಅವನೇ ಎಳೆದ ಮೂರು ಗೆರೆ ಇನ್ನೂ ಇತ್ತು. ಗಿರಾಕಿ ಶತ್ರುವಾದರೂ ಫೋಟೋ ತೆಗೆದವನದು, ತೊಳೆಯೋದಷ್ಟೇ ನಮ್ಮದು ಎನ್ನುತ್ತಿದ್ದ ಗುರುಮಲ್ಲಪ್ಪ. ದೊಡ್ಡ ಧರ್ಮರಾಯ. ಹೇಳಿ ಹೋಗಿಬಿಟ್ಟ. ಇದ್ದು ಅನುಭವಿಸುವವರು ನಾವು.

"ನಿಮ್ಮಿಬ್ರ ವಂಶಾನೇ ಇಷ್ಟು," ಎಂದು ಗಂಡನ ಕ್ಯಾಮೆರಾಕ್ಕೆ ಬೈದು, ಅವಳು ಕತ್ತರಿ ಕೆಳಗಿಟ್ಟು ಪ್ರಿಂಟಿನ ಕಾಗದ ತೆಗೆದಳು.

ಮರುದಿನ ಮಹೇಶ್ವರಪ್ಪ ಸ್ಟುಡಿಯೋಗೆ ಬಂದು ಎರಡೂ ಫೋಟೋಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ನೋಡಿದ. ಈಶ್ವರ ಬಾಗಿಲಲ್ಲೇ ನಿಂತವನು ಬಿರುಕಿನ ಫೋಟೋ ಕಂಡು ಎರಡು ಹೆಜ್ಜೆ ಒಳಗೆ ಬಂದ.

"ಇದು... ಇದೆಲ್ಲಿಂದ ಬಂತ್ರೀ?"

"ಡಬ್ಬಿಯಿಂದ," ಎಂದಳು ರಾಜೇಶ್ವರಮ್ಮ, ಮಹೇಶ್ವರಪ್ಪನಿಗೆ.

ಮಹೇಶ್ವರಪ್ಪ ಅಡಿಕೆ ಉಗಿದು ಬಂದ. "ನೋಡಿ, ಇದರಲ್ಲಿ ಬಿರುಕೈತೆ, ತಾರೀಖಿಲ್ಲ. ಅದರಲ್ಲಿ ತಾರೀಖೈತೆ, ಬಿರುಕಿಲ್ಲ. ಒಂದೇ ಕೊಟ್ರೆ ಇಂಜಿನಿಯರು ನನ್ನ ಓಡಿಸ್ತಾನೆ. ಎರಡೂ ಜೊತೆಗಿಟ್ರೆ ಅವನ ಬಾಯಿ ಬಂದ್. ಉಳಿದ ಹತ್ತು ಕೆರೆಗೂ ಹಿಂಗೇ ಬೇಕು, ಎರಡೆರಡು. ಇನ್ನೊಂದು ಹಳದಿ ತರಿಸ್ಕೊಳ್ಳಿ."

"ಮತ್ತೆ ಬೀಗದಕೈ?" ಎಂದ ಈಶ್ವರ.

"ತೊಳಿಯೋ ಕೋಣೆ ಇಲ್ಲೈತೆ, ಬೀಗ ಇಲ್ಲೇ ಇರ್ಲಿ. ಬೇಸಿಗೆ ಮುಗಿಯೋ ತನಕ ನನ್ನ ಕೆಲಸ ನಿಲ್ಲಬಾರದು. ಆಮೇಲೆ ಹೊಡೆದಾಡ್ಕೊಂಡು ಸಾಯಿರಿ."

ಅವನ ಬೈಕಿನ ಸದ್ದು ದೂರವಾಯಿತು. ಈಶ್ವರ ಸತ್ತ ಹಳದಿ ಕ್ಯಾಮೆರಾವನ್ನು ಮೇಜಿನಿಂದ ಎತ್ತಿಕೊಂಡ. ಗೋಡೆಯ ಮೇಲಿನ ಅಣ್ಣನ ಫೋಟೋಕ್ಕೆ ಹೇಳಿದ: "ನಾಳೆ ಬೆಳಿಗ್ಗೆ ಇದನ್ನ ಆ ಕಲೀಮನ ಮುಖಕ್ಕೆ ಎಸೀತೀನಿ. ಕೊಳೆತ ಮಾಲು ಕೊಟ್ಟು ನನ್ನ ಮಾನ ಕಳೆದ. ಬಜಾರದವರೆಲ್ಲ ನೋಡ್ಬೇಕು, ಹಂಗೆ ಬಾರಿಸ್ತೀನಿ. ಇನ್ನು ಅವನ ಅಂಗಡಿ ಮೆಟ್ಟಿಲನ್ನ ಶಿಕಾರಿಪುರದಾಗೆ ಯಾರೂ ಹತ್ತಬಾರದು."

ರಾಜೇಶ್ವರಮ್ಮ ಫೋಟೋಗಳ ಅಂಚು ಕತ್ತರಿಸುತ್ತಿದ್ದಳು. ಕತ್ತರಿ ನಿಂತಿತು. ಸುಮ್ಮನಿದ್ದರೆ ಇನ್ನೂ ನಡೆಯುತ್ತಿತ್ತು. ಪೆಟ್ಟು ತಿನ್ನುವವನು ಕಲೀಮ. ಅಕ್ಕಾ, ಹೇಳ್ಬಿಡ್ರಿ ಅಂದಿದ್ದವನು.

"ಕಲೀಮನ ತಪ್ಪಲ್ಲ," ಎಂದಳು. ಗೋಡೆಗಲ್ಲ. ಈಶ್ವರನಿಗೆ.

ಎಂಟು ತಿಂಗಳಾದ ಮೇಲೆ ನೇರ ಬಂದ ಮಾತಿಗೆ ಅವನು ಯಾರೋ ಹೊಡೆದ ಹಾಗೆ ತಿರುಗಿದ.

"ಮುಚ್ಚಳದ ಸುತ್ತ ರಬ್ಬರ್ ಐತೆ. ಅದಕ್ಕೆ ಒಂದು ಕಣಾನೂ ತಾಗಬಾರದು. ನೀನು ಅದರ ಮೇಲೆ ವಿಭೂತಿ ಎಳೆದೆ. ನೀರು ಬಂದಿದ್ದು ಅಲ್ಲಿಂದ."

ಈಶ್ವರ ಮುಚ್ಚಳ ತೆಗೆದು ನೋಡಿದ. ಉಗುರಿನಿಂದ ಗೀರಿದ. ಬಿಳಿ ಹುಡಿ ಬಂತು. ಅವನು ಅದನ್ನು ನೋಡುತ್ತ ನಿಂತ. ಅವನ ತಲೆಯೊಳಗೆ ಏನು ನಡೆಯುತ್ತಿದೆ ಎಂಬುದು ಅವಳಿಗೆ ಕಾಣುತ್ತಲೇ ಇತ್ತು, ತಟ್ಟೆಯಲ್ಲಿ ಪ್ರಿಂಟು ನಿಧಾನಕ್ಕೆ ಮೂಡುವ ಹಾಗೆ.

"ಇದು ನಿಮಗೆ ಯಾವಾಗ ಗೊತ್ತಾಯ್ತು, ಅತ್ತಿಗೆ?"

"ತಂದ ದಿನಾನೇ. ನೀನು ಕೇಳದೆ ಎದ್ದು ಹೋದೆ. ನಿಂಗೆ ಹೇಳು ಅಂತ ಕಲೀಮ ನನಗೆ ಹೇಳಿದ."

"ಅಂದ್ರೆ ಪೂಜೆಗೆ ಮೊದಲೇ."

"ಮೊದಲೇ."

"ಅದಕ್ಕೇ ನಿಮ್ದರ ಮೇಲೆ ಬೆರಳು ಒತ್ತಿ ಹಿಡಿದ್ರಿ."

"ಹ್ಞೂಂ."

ಹೊರಗೆ ಶಿರಾಳಕೊಪ್ಪದ ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ. ಈಶ್ವರ ಮುಚ್ಚಳ ಮುಚ್ಚಿದ. "ಅಣ್ಣ ಇದ್ದಿದ್ರೆ ಹೇಳ್ತಿದ್ದ."

"ನಿಮ್ಮಣ್ಣ ಇದ್ದಿದ್ರೆ ನೀನು ಮೂವತ್ತು ಜನರ ಮುಂದೆ ಆ ಮಾತು ಆಡ್ತಿರ್ಲಿಲ್ಲ."

"ಅದಕ್ಕೆ ಇದಾ?"

"ಅದಕ್ಕೇ ಇದು."

ಅವನು ಕ್ಯಾಮೆರಾವನ್ನು ಮೇಜಿನ ಮೇಲೆ ಕುಕ್ಕಿ ಹೊರಟ. ಬಾಗಿಲಲ್ಲಿ ನಿಂತು ತಿರುಗಿದ. ಏನೋ ದೊಡ್ಡದು ಹೇಳುತ್ತಾನೆ ಎಂದು ಅವಳು ಕಾದಳು. "ನೀವು ಕೊಟ್ಟ ನೀರನ್ನೂ ನಾನು ಇನ್ನು ಕುಡಿಯಲ್ಲ," ಎಂದ. ಹೋದ.

ಕಲೀಮನಿಗೆ ಪೆಟ್ಟು ಬೀಳಲಿಲ್ಲ. ಎರಡನೇ ಹಳದಿಯನ್ನು ಕೊಡುವಾಗ ಅವನು ಈಶ್ವರನನ್ನು ಮುಂದೆ ಕೂರಿಸಿಕೊಂಡು ರಬ್ಬರಿನ ಪಾಠವನ್ನು ಮೂರು ಸಲ ಹೇಳಿಸಿ ಒಪ್ಪಿಸಿಕೊಂಡನಂತೆ, ಮಗ್ಗಿ ಒಪ್ಪಿಸಿದ ಹಾಗೆ.

ಎರಡನೇ ಕೆರೆಗೆ ಅತ್ತಿಗೆ, ಮೈದುನ ಒಂದೇ ಬಸ್ಸಿನಲ್ಲಿ ಹೋದರು. ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ಅವನು ಕೊನೆಯ ಸೀಟಿನಲ್ಲಿ. ಏರಿಯ ಮೇಲೆ ಅವಳು ನೀರಿನ ಬಾಟಲಿ ತೆಗೆದಾಗ ಅವನು ಬೇಕೆಂದೇ ಕೆರೆಗೆ ಬೊಗಸೆ ಹಾಕಿ ಕುಡಿದ. ಅವಳು ತನ್ನ ಫೋಟೋ ಮುಗಿಸಿ ದಡಕ್ಕೆ ಬಂದಳು. ಅವನು ಅಂಗಿ ಬಿಚ್ಚಿ ಕೂತು, ಒಣ ಬಟ್ಟೆಯಲ್ಲಿ ಹಳದಿಯ ರಬ್ಬರನ್ನು ಸುತ್ತ ಒರೆಸಿದ. ಫಿಲಂ ಹಾಕಿ ಮುಚ್ಚಳ ಮುಚ್ಚುವುದಷ್ಟೇ ಬಾಕಿ ಇತ್ತು. ಆಮೇಲೆ ಮುಖ ಆ ಕಡೆ ಇಟ್ಟುಕೊಂಡೇ ಕ್ಯಾಮೆರಾವನ್ನು ಅವಳ ಕಡೆ ಚಾಚಿದ.

ಈ ಸಲ ನೋಡಿಯೂ ಸುಮ್ಮನಿರುತ್ತಾಳೋ ಇಲ್ಲವೋ ಎಂಬ ಪ್ರಶ್ನೆ ಆ ಚಾಚಿದ ಕೈಯಲ್ಲಿತ್ತು.

ರಾಜೇಶ್ವರಮ್ಮ ಕನ್ನಡಕ ಹಾಕಿಕೊಂಡು ರಬ್ಬರನ್ನು ಮೂಲೆ ಮೂಲೆ ನೋಡಿದಳು. ಒಂದು ಮೂಲೆಯಲ್ಲಿ ಬಟ್ಟೆಯದೇ ಒಂದು ಎಳೆ ಅಂಟಿತ್ತು. ಕೂದಲಿಗಿಂತ ಸಣ್ಣದು. ಅವನ ಕಣ್ಣಿಗೆ ಬೀಳುವಂಥದ್ದಲ್ಲ.

"ಕುರುಡನಾ ನೀನು?" ಎಂದು ವಾಪಸ್ ಅವನ ಮಡಿಲಿಗೆ ಎಸೆದಳು. "ಇನ್ನೊಂದ್ಸಲ ಒರೆಸು."